ಬೆನ್ನ ಮೇಲಿನ ಅಕ್ಷರ

ಟೈಲರಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಸಿಮೆಂಟ್ ಅಂಗಡಿ ಯಜಮಾನರು ನೀಲಿ ಬಟ್ಟೆಯ ಥಾನನ್ನು ಮೇಜಿನ ಮೇಲೆ ಧೊಪ್ಪೆಂದು ಇಳಿಸಿದರು.

"ಶಾಲೆ ಮಕ್ಕಳಿಗೆ ಅರವತ್ತು ಕೋಟು ಹೊಲೀಬೇಕಮ್ಮ. ಬೆನ್ನ ಮೇಲೆ ದೊಡ್ಡದಾಗಿ 'ದಾನ' ಅಂತ ಕಸೂತಿ, ಕೆಳಗೆ ನನ್ನ ಹೆಸರು."

ಅಕ್ಕನ ಜೀವ ಹಿಗ್ಗಿದ್ದೂ ಆಯಿತು, ಕುಗ್ಗಿದ್ದೂ ಆಯಿತು. ಅರವತ್ತು ಕೋಟೆಂದರೆ ಚಳಿಗಾಲವಿಡೀ ಕೈತುಂಬ ಕೆಲಸ. ಆದರೆ ಅದರಲ್ಲೊಂದನ್ನು ತೊಡುವವಳು ಅವಳ ಮಗಳೇ.

"ಹೆಸರು ಒಳಗಡೆ ಹಾಕ್ಲಾ ಯಜಮಾನ್ರೇ?"

"ಒಳಗಿದ್ರೆ ಯಾರು ನೋಡ್ತಾರೆ? ನಾಲ್ಕು ಜನ ನೋಡಿದ್ರೆ ತಾನೇ ಇನ್ನೂ ನಾಲ್ಕು ಜನಕ್ಕೆ ಕೊಡೋ ಬುದ್ಧಿ ಬರೋದು?"

ಮಾತೇನೋ ಸರಿಯಾಗಿಯೇ ಇತ್ತು, ಅದೇ ಫಜೀತಿ. ಅವರು ಹೋದ ಮೇಲೆ, ಗುಂಡಿ ಆರಿಸುತ್ತ ಕೂತಿದ್ದ ಮಗಳು ತಲೆಯೆತ್ತಿದಳು.

"ಅಮ್ಮಾ, ನಾನು ಗಡಗಡ ನಡುಗ್ತಾ ಹೋಗ್ತೀನಿ. ಅದನ್ನ ಮಾತ್ರ ಹಾಕ್ಕೊಳ್ಳಲ್ಲ."

ಅಕ್ಕನಿಗೆ ರೋಷ ಉಕ್ಕಿತು. ಕೆಲಸ ಹೋದರೆ ಹೋಗಲಿ!

ಒಂದು ಸ್ಯಾಂಪಲ್ ತೊಡಿಸಿ ನೋಡದೆ ಉಳಿದ ಬಟ್ಟೆಗೆ ಕತ್ತರಿ ಇಡುವವಳಲ್ಲ ಅವಳು. ಮೂರನೆಯ ದಿನ ಯಜಮಾನರು ಸ್ಯಾಂಪಲ್ ನೋಡಲು ಬಂದರು. ಬಿಡಿಸಿದರೆ, ದೊಡ್ಡಾಳಿನ ಕೋಟು!

"ಇದು ನನ್ನ ಅಳತೆ ಅಲ್ವೇನಮ್ಮ?"

"ನಿಮ್ಮ ಅಂಗಿ ಹೊಲಿಯೋಳು ನಾನೇ ತಾನೇ. ಹಾಕ್ಕೊಂಡು ಬೀದಿ ತುದಿವರೆಗೆ ಹೋಗಿಬನ್ನಿ. ನಾಲ್ಕು ಜನ ನೋಡ್ಲಿ."

ಯಜಮಾನರು ನಗುತ್ತಲೇ ತೋಳು ತೂರಿಸಿ ಕನ್ನಡಿಗೆ ಬೆನ್ನು ತಿರುಗಿಸಿದರು. ಅಕ್ಷರ ಉಲ್ಟಾ ಕಂಡರೂ ಓದಲು ಕಷ್ಟವಾಗಲಿಲ್ಲ. 'ದಾನ'. ಕೆಳಗೆ, 'ಟೈಲರಕ್ಕ'.

"ಬಟ್ಟೆ ನಾನೇ ಕೊಂಡಿದ್ದು, ಕೂಲಿನೂ ಬೇಡ," ಎಂದಳು ಅಕ್ಕ.

ಅವರ ಮುಖ ಕೆಂಪೇರಿತು. "ನಿನ್ನ ಹತ್ರ ಕೈಯೊಡ್ಡೋಕೆ ನಾನೇನು ಗತಿಗೆಟ್ಟವನಾ?"

"ಮಕ್ಕಳು ಕೈಯೊಡ್ಡಿದ್ರಾ ಯಜಮಾನ್ರೇ? ದಾನ ಅಂದ್ರೆ ಕೊಟ್ಟು ಕೈ ಬಿಡೋದು. ಹೆಸರು ಬಿಡಲ್ಲ ಅಂದ್ರೆ ಕೋಟು ಇನ್ನೂ ನಿಮ್ಮದೇ, ಮಕ್ಕಳು ಅದನ್ನ ನೇತುಹಾಕೋ ಗೂಟ ಅಷ್ಟೆ. ಅಂಥ ಕೋಟು ನಾನು ಹೊಲಿಯಲ್ಲ. ಥಾನು ತಗೊಂಡು ಹೋಗಿ."

ಯಜಮಾನರು ಬಾಗಿಲವರೆಗೆ ಹೋದರು. ಹೊರಗೆ ಬೀದಿ ತುಂಬ ಜನ. ಹೊಸ್ತಿಲಲ್ಲೇ ನಿಂತು, ಗೋಡೆಗೆ ಬೆನ್ನು ಒತ್ತಿಕೊಂಡು, ಅವಸರವಸರವಾಗಿ ಕೋಟು ಕಳಚಿದರು. ಅದರ ಬೆನ್ನ ಮೇಲಿನ ಅಕ್ಷರಕ್ಕೆ ಕೈಯಾಡಿಸುತ್ತ ಮೇಜಿನ ಬಳಿ ವಾಪಸು ಬಂದರು.

"ಚೆನ್ನಾಗಿ ಕೂರುತ್ತೆ ಕಣಮ್ಮ. ಅಕ್ಷರ ಬಿಚ್ಚಿಕೊಡು, ಇಟ್ಕೋತೀನಿ."

"ಮಕ್ಕಳದ್ದು?"

"ಹೆಸರು ಒಳಗಡೆನೂ ಬೇಡ," ಎಂದು ಥಾನನ್ನು ಅವಳ ಕಡೆ ತಳ್ಳಿದರು.

ಅಕ್ಕ ಅಳತೆ ಟೇಪನ್ನು ಕೊರಳಿಂದ ಎಳೆದುಕೊಂಡಳು.

"ಬಾರೇ ಇಲ್ಲಿ, ನೆಟ್ಟಗೆ ನಿಂತ್ಕೋ," ಎಂದು ಮಗಳನ್ನು ಕರೆದಳು.