ಹನ್ನೊಂದನೆಯ ಜೊತೆಗಾತಿ

ಡಬಲ್ಸ್ ಆಡುವವರ ಹಣೆಬರಹವೇ ಇಷ್ಟು. ಎಷ್ಟು ಚೆನ್ನಾಗಿ ಆಡಿದರೂ ಅರ್ಧ ಆಟ ಇನ್ನೊಬ್ಬಳ ಕೈಯಲ್ಲಿರುತ್ತದೆ. ಹದಿಮೂರು ವರ್ಷದಲ್ಲಿ ನನಗೆ ಹನ್ನೊಂದು ಜನ ಜೊತೆಗಾತಿಯರು. ನಾಲ್ವರು ಮದುವೆಯಾಗಿ ಹೋದರು, ಮೂವರು ಚಿಕ್ಕಮಕ್ಕಳಿಗೆ ಆಟ ಕಲಿಸಲು ಹೋದರು, ಇಬ್ಬರ ಮಂಡಿ ಹೋಯಿತು, ಒಬ್ಬಳಂತೂ ಹೇಳದೆ ಕೇಳದೆ ಸಿಂಗಲ್ಸ್ ಸೇರಿಕೊಂಡಳು. ಭುವನೇಶ್ವರಿ ಎಂಬ ನಾನು ಮಾತ್ರ ಮೂವತ್ತೆರಡಾದರೂ ಪುಣೆಯ ಅದೇ ಕೋರ್ಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದೇನೆ. ಹನ್ನೊಂದನೆಯವಳು ಪ್ರಣೀತಾ. ಬಾರಾಮತಿಯ ಹುಡುಗಿ, ಹತ್ತೊಂಬತ್ತು ವರ್ಷ, ಕುದುರೆಯ ಹಾಗೆ ಓಡುತ್ತಾಳೆ. ಆದರೆ ಕಿವಿ ಇಲ್ಲ. ಇದೆ, ನನ್ನ ಮಾತಿಗೆ ಮಾತ್ರ ಇಲ್ಲ.

ಶಟಲ್ ಹಿಂದಕ್ಕೆ ಹಾರಿ ಬರುವಾಗ ಹೊಡೆಯುವವಳ ಕಣ್ಣು ಅದರ ಮೇಲೇ ನೆಟ್ಟಿರುತ್ತದೆ. ಅದು ಗೆರೆ ದಾಟುತ್ತದೋ ಇಲ್ಲವೋ ನೋಡಿ ಕೂಗಿ ಹೇಳುವುದು ಜೊತೆಯವಳ ಕೆಲಸ. ದಾಟುವಂತಿದ್ದರೆ ನಾನು ಮರಾಠಿಯಲ್ಲಿ ‘ಸೋಡ್’ ಎನ್ನುತ್ತೇನೆ, ಬಿಟ್ಟುಬಿಡು ಅಂತ. ಬಿಟ್ಟರೆ ಔಟ್, ಪಾಯಿಂಟ್ ನಮ್ಮದು. ಇದರಲ್ಲಿ ತಿಳಿಯದಿರುವುದೇನಿದೆ? ಪ್ರಾಕ್ಟೀಸಿನಲ್ಲಿ ಜಾಣೆಯಂತೆ ಬಿಡುತ್ತಾಳೆ. ಮ್ಯಾಚ್ ಬಿಸಿಯೇರಿತೋ, ಮುಗಿಯಿತು ಕಥೆ, ನಾನು ಕೂಗಿದಷ್ಟೂ ಎಗರಿ ಎಗರಿ ಹೊಡೆಯುತ್ತಾಳೆ. ಮೂರು ತಿಂಗಳಿಂದ ಬೈದು ಬೈದು ನನ್ನ ಗಂಟಲು ಒಣಗಿದೆ. ಅವಳು ‘ಸಾರಿ ತಾಈ’ ಎನ್ನುತ್ತಾಳೆ. ತಾಈ ಎಂದರೆ ಅಕ್ಕ. ಈ ಅಕ್ಕನಿಗೆ ಬಿಪಿ ಬಂದರೆ ಯಾರು ಹೊಣೆ?

ಮೊನ್ನೆ ಭಾನುವಾರ ಬೆಳಗ್ಗೆ ರಾಜ್ಯ ತಂಡದ ಆಯ್ಕೆ ಪಂದ್ಯದಲ್ಲೂ ಅದೇ ಆಯಿತು. ಮೂರನೇ ಗೇಮಿನಲ್ಲಿ ಸುಮ್ಮನೆ ಔಟ್ ಹೋಗುತ್ತಿದ್ದ ಆರು ಶಟಲ್‌ಗಳನ್ನು ಈ ಪುಣ್ಯಾತ್ಗಿತ್ತಿ ಹೊಡೆದಳು. ಹದಿನೆಂಟು–ಇಪ್ಪತ್ತೊಂದಕ್ಕೆ ಸೋತೆವು. ನನಗೆ ರ‍್ಯಾಕೆಟ್ ಎತ್ತಿ ನನ್ನ ತಲೆಗೇ ಬಡಿದುಕೊಳ್ಳುವಷ್ಟು ಸಿಟ್ಟು ಬಂತು.

ನಮ್ಮ ಕೋಚ್ ಕೇದಾರ ಸರ್ ಇಬ್ಬರನ್ನೂ ಬೆಂಚಿನ ಹತ್ತಿರ ಕರೆದರು. “ನಿಮ್ಮನ್ನು ಜೋಡಿಯಾಗಿ ಕಳಿಸಲು ಆಗುವುದಿಲ್ಲ. ಶಿರೂರಿನ ಹುಡುಗಿ ಆಯ್ಕೆಯಾಗಿದ್ದಾಳೆ, ಅವಳ ಜೊತೆಯವಳ ಕಾಲು ಉಳುಕಿದೆ. ನಿಮ್ಮಿಬ್ಬರಲ್ಲಿ ಒಬ್ಬಳನ್ನು ಅವಳ ಜೊತೆ ಹಾಕುತ್ತೇನೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಭುವನಾ, ಈ ಸಲ ತಪ್ಪಿದರೆ ಮುಂದಿನ ವರ್ಷ ನಿನ್ನ ಹೆಸರು ಬರೆಯಲು ನನ್ನ ಕೈಲಾಗುವುದಿಲ್ಲ. ಗೊತ್ತಲ್ಲ?” ಎಂದರು.

ಗೊತ್ತಿಲ್ಲದೆ ಏನು! “ಸರ್, ವಿಡಿಯೋ ಇದೆ. ನೋಡಿ, ತಪ್ಪು ಯಾರದು ಅಂತ ನೀವೇ ಹೇಳಿ” ಎಂದೆ.

ವಿಡಿಯೋ ಹಿಡಿದವಳು ನನ್ನ ಅವ್ವ, ಶರಣಮ್ಮ. ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಪುಣೆಗೆ ಬಂದು ಇಲ್ಲಿನ ಯೆರವಡಾದಲ್ಲೇ ಉಳಿದವಳು, ನನ್ನ ಒಂದು ಮ್ಯಾಚನ್ನೂ ತಪ್ಪಿಸಿದವಳಲ್ಲ. “ತೋರ್ಸು, ತೋರ್ಸು. ಅಕಿ ಹೆಂಗ ಕುಣಿತಾಳ ಅವ್ರೂ ನೋಡ್ಲಿ” ಎಂದು ಫೋನ್ ಕೊಟ್ಟಳು.

ಮೊದಲ ಶಟಲ್ ಹಾರಿ ಬಂತು. ಅದರ ಹಿಂದೆಯೇ ಫೋನಿನೊಳಗಿಂದ ನನ್ನ ದನಿ ಬಂತು: “ಬಿಡೂ!”

ಸೋಡ್ ಅಲ್ಲ, ಬಿಡು. ಎರಡನೆಯದಕ್ಕೂ ಬಿಡು, ಆರನೆಯದಕ್ಕೂ ಬಿಡು. ಸೋಡ್ ಎಂದೇ ಕೂಗುತ್ತೇನೆಂದು ಇಷ್ಟು ದಿನ ಆಣೆ ಮಾಡಿ ಹೇಳಲೂ ತಯಾರಿದ್ದೆನಲ್ಲ! ಉಸಿರು ಕಟ್ಟಿದಾಗ ನಾಲಿಗೆ ನನಗೇ ಹೇಳದೆ ಮನೆಯ ಮಾತಿಗೆ ಓಡಿಹೋಗಿತ್ತು.

ಅಷ್ಟರಲ್ಲಿ ಕೇದಾರ ಸರ್ ಪ್ರಣೀತಾಳನ್ನು ಗದರಿಸಿದರು. “ಅವಳು ಭಿಡೂ, ಭಿಡೂ ಅಂತ ಅಷ್ಟು ಪ್ರೀತಿಯಿಂದ ಹುರಿದುಂಬಿಸುತ್ತಾಳೆ, ನೀನು ಕಣ್ಣುಮುಚ್ಚಿ ಔಟ್ ಶಟಲ್ ಹೊಡೆಯುತ್ತೀಯಲ್ಲ!”

ಅಯ್ಯೋ ನನ್ನ ಕರ್ಮವೇ! ಮರಾಠಿಯಲ್ಲಿ ಭಿಡೂ ಎಂದರೆ ಆಟದ ಜೊತೆಗಾರ. ನಾನು ಬಿಡು ಬಿಡು ಎಂದು ಬಾಯಿ ಬಡಿದುಕೊಂಡದ್ದೆಲ್ಲ ಈ ಹುಡುಗಿಯ ಕಿವಿಗೆ ಗೆಳತೀ, ಗೆಳತೀ ಎಂದು ಬಿದ್ದಿತ್ತು.

“ನನ್ನದೇ ತಪ್ಪು ಸರ್” ಎಂದಳು ಪ್ರಣೀತಾ. “ತಾಈ ಭಿಡೂ ಅಂದಾಗೆಲ್ಲ, ನನ್ನ ಮೇಲೆ ನಂಬಿಕೆ ಇಟ್ಟು ಕರೆಯುತ್ತಿದ್ದಾರೆ, ಇದನ್ನು ಹೊಡೆಯಲೇಬೇಕು ಅನ್ನಿಸುತ್ತಿತ್ತು. ಹೊರಗೆ ಎಷ್ಟು ಬೈದರೂ ಕೋರ್ಟಿನೊಳಗೆ ಹಾಗೆ ಕರೀತಾರಲ್ಲ, ಅದಕ್ಕೇ ಅವರ ಬೈಗುಳ ನನಗೆ ಬೇಜಾರಾಗುತ್ತಿರಲಿಲ್ಲ.”

ಕೇದಾರ ಸರ್ ತಂಡದ ಹಾಳೆ, ಪೆನ್ನು ತೆಗೆದರು. “ಸರಿ, ಭುವನಾ ಹೋಗಲಿ.”

ಅವ್ವನಿಗೂ ಎಲ್ಲ ತಿಳಿದುಹೋಗಿತ್ತು. ನನ್ನ ತೋಳು ಚಿವುಟಿ ಪಿಸುಗುಟ್ಟಿದಳು: “ಬಾಯಿ ಮುಚ್ಕೊಂಡು ನಿಂದ್ರು. ಇಲ್ಲಿ ಯಾರಿಗಿ ಕನ್ನಡ ತಿಳಿತದ? ಅಕಿಗಿ ಇನ್ನಾ ಹತ್ತು ವರ್ಷ ಅದ. ನಿನಗ ಏನದ?”

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಸುಮ್ಮನೆ ನಿಂತೆ. ಸರ್ ನನ್ನ ಹೆಸರಿನ ಮೊದಲಕ್ಷರ ಬರೆದರು. ಆಗ ಈ ಹುಡುಗಿ ನನ್ನ ಬ್ಯಾಗ್ ಎತ್ತಿಕೊಟ್ಟು “ಚೆನ್ನಾಗಿ ಆಡಿ ತಾಈ” ಎನ್ನಬೇಕೆ? ಒಂದು ಜಗಳವಾದರೂ ತೆಗೆಯಬಾರದಿತ್ತೇ? ಎರಡು ಮಾತು ಅಂದಿದ್ದರೆ ನಾನು ನೆಮ್ಮದಿಯಾಗಿ ಹೋಗಿ ರೈಲು ಹತ್ತುತ್ತಿದ್ದೆ. ಅಷ್ಟು ಉಪಕಾರವನ್ನೂ ಮಾಡಲಿಲ್ಲ.

“ನಿಲ್ಲಿಸಿ ಸರ್!” ಎಂದು ಕಿರುಚಿದೆ. ಹೇಳಿಬಿಟ್ಟೆ. ಅದು ಭಿಡೂ ಅಲ್ಲ, ಕನ್ನಡದ ಬಿಡು. ಬಿಡು ಎಂದರೆ ಸೋಡ್. ಆರು ಸಲವೂ ನಾನು ಸರಿಯಾಗಿ ನೋಡಿ ತಪ್ಪಾಗಿ ಕೂಗಿದೆ. ಅವಳದು ಏನೂ ತಪ್ಪಿಲ್ಲ. ಸರ್ ವಿಡಿಯೋವನ್ನು ಇನ್ನೊಮ್ಮೆ ಹಾಕಿ ಕೇಳಿದರು. ನನ್ನ ಮುಖ ನೋಡಿದರು. ಬರೆದದ್ದನ್ನು ಹೊಡೆದುಹಾಕಿ ಪ್ರಣೀತಾ ಎಂದು ಬರೆದರು. ಅವ್ವ ಫೋನ್ ಕಿತ್ತುಕೊಂಡು, “ಎಂಥಾ ಹುಚ್ಚಿನ್ನ ಹಡದೆ ನಾ!” ಎಂದು ದಡದಡ ಹೊರಗೆ ಹೋದಳು.

ಇವಳಾದರೂ ಕುಣಿದಾಡಬೇಕಲ್ಲ? ಕದಲಲಿಲ್ಲ.

“ಮೂರು ತಿಂಗಳಿಂದಲೂ ಅದೇ ಕೂಗುತ್ತಿದ್ದಿರಾ ತಾಈ?”

“ಅದೇ.”

“ಒಂದು ಸಲವೂ ಭಿಡೂ ಅಂದಿಲ್ಲವಾ?”

ನನಗೆ ಮೈ ಉರಿದುಹೋಯಿತು. “ಏ ಹುಚ್ಚಿ, ತಂಡದಲ್ಲಿ ಜಾಗ ಸಿಕ್ಕಿತಲ್ಲ, ಇನ್ನೇನು ಬೇಕು ನಿನಗೆ?” ಎಂದು ರೇಗಿದೆ. ಅವಳು ನನ್ನನ್ನೇ ನೋಡುತ್ತ ನಿಂತಳು. ಒಂದೆರಡು ಸಲ ಅಂದಿದ್ದೆ ಎಂದು ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹೋಗಲು ಇನ್ನೇನು ಉಳಿದಿತ್ತು?

“ಇಲ್ಲ” ಎಂದೆ.

ಅವಳು ತಲೆಯಾಡಿಸಿದಳು. ಬೆಂಚಿನ ಮೇಲೆ ಕೂತು, ಸರ್ ಚಾಚಿದ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಲೇ ಸಹಿ ಮಾಡಿದಳು.