ಎಲೆ ಮುಂದೆ ಕೂತವರು

ಹುಣಸೂರಿನಿಂದ ಮಡಿಕೇರಿಯವರೆಗೆ ಎಲ್ಲಿ ಉಣ್ಣಬಹುದು, ಎಲ್ಲಿ ಉಣ್ಣಬಾರದು ಅಂತ ನನ್ನನ್ನು ಕೇಳಿ. ಬೇರೆ ಯಾರನ್ನೂ ಕೇಳಬೇಡಿ. ದೊರೆಗಳ ಎಸ್ಟೇಟಿನ ಕಾಫಿ ಮೂಟೆ ಹೇರಿಕೊಂಡು ಆ ದಾರಿಯ ಉದ್ದಕ್ಕೂ ಎತ್ತಿನ ಗಾಡಿ ಹೊಡೆದವನು ನಾನು, ಬೆಳ್ಯಪ್ಪ. ಬಸ್ಸಿನಲ್ಲಿ ಭುರ್ರಂತ ಹೋಗುವವರಿಗೆ ಧೂಳು ಗೊತ್ತು, ದಾರಿ ಗೊತ್ತಿಲ್ಲ.

ಪಿರಿಯಾಪಟ್ಟಣದ ಸಂತೆಮಾಳದ ಪಕ್ಕ ಒಬ್ಬನಿದ್ದ. ಅವನ ಸಾರಿನಲ್ಲಿ ಬೇಳೆ ಹುಡುಕಬೇಕಾದರೆ ಪಂಚೆ ಎತ್ತಿಕಟ್ಟಿ ಇಳಿಯಬೇಕು. ಫ್ರೇಜರ್‌ಪೇಟೆಯ ಹೊಳೆದಂಡೆಯಲ್ಲಿ ಒಬ್ಬ ಮಲಯಾಳಿ ಕಾಕನ ಅಂಗಡಿ. ಚಾಯ ಚೆನ್ನಾಗಿತ್ತು, ಅಕ್ಕಿಹಿಟ್ಟಿನ ಪುಟ್ಟು ಇನ್ನೂ ಚೆನ್ನಾಗಿತ್ತು, ಆದರೆ ಅವನ ಊರು ತಲಶ್ಶೇರಿಯ ಕಥೆ ಮುಗಿಯುವ ತನಕ ಪುಟ್ಟು ಹೊರಗೆ ಬರುತ್ತಿರಲಿಲ್ಲ. ಮಡಿಕೇರಿಯ ಬ್ರಾಹ್ಮಣರ ಹೋಟ್ಲಲ್ಲಿ ಕಾಫಿಯನ್ನು ಮೇಲಿನಿಂದ ಸುರಿಯುತ್ತಿದ್ದರು, ನಮ್ಮ ಲೋಟ ಎಲ್ಲಿ ಅವರಿಗೆ ತಾಗಿಬಿಡುತ್ತೋ ಅಂತ. ಅರ್ಧ ಕಾಫಿ ನೆಲಕ್ಕೆ, ಅರ್ಧ ನಮಗೆ.

ಬೇಗ ಸಿಗಬೇಕು, ಹೊಟ್ಟೆ ತುಂಬಬೇಕು, ಬಡವನ ಕೈಗೆಟುಕಬೇಕು ಅಂದರೆ ಸುಂಟಿಕೊಪ್ಪದ ಗಂಗಮ್ಮನ ಮನೆಯೇ ಸೈ. ಬೋರ್ಡಿಲ್ಲ, ಬೆಂಚಿಲ್ಲ. ರಸ್ತೆ ಬದಿಗೆ ಹುಲ್ಲು ಹೊದಿಸಿದ ಮನೆ, ಸಗಣಿ ಸಾರಿಸಿದ ಜಗಲಿ, ಸಾಲಾಗಿ ಹಾಸಿದ ಬಾಳೆಲೆ. ಅಂಗಳದಾಚೆ ಕಲ್ಲಿನ ನೀರುತೊಟ್ಟಿ. ಎತ್ತುಗಳನ್ನು ಬಿಚ್ಚಿ ತೊಟ್ಟಿಗೆ ಬಿಟ್ಟು ನಾನು ಎಲೆ ಮುಂದೆ ಕೂರುವಷ್ಟರಲ್ಲಿ ಅನ್ನ ಬಿದ್ದಿರುತ್ತಿತ್ತು. ಹುರುಳಿ ಸಾರು, ಒಂದು ಪಲ್ಯ, ಸುಟ್ಟ ಒಣಮೀನು, ಮಜ್ಜಿಗೆ. ಎತ್ತುಗಳು ನೀರು ಕುಡಿದು ಮುಖ ಎತ್ತುವ ಹೊತ್ತಿಗೆ ನಾನು ಕೈ ತೊಳೆದಿರುತ್ತಿದ್ದೆ. ನನ್ನ ಊಟದ ಅಳತೆಯೇ ಅದು.

ಗಂಗಮ್ಮ ಹಾಸನದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು, ಗಂಡ ಸತ್ತ ಮೇಲೆ ಇಲ್ಲೇ ಉಳಿದವಳು. ನಾನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು 'ಹೊಟ್ಟೆಬಾಕ' ಅನ್ನುತ್ತಿದ್ದಳು. ಅವಳ ಮನೆಯಲ್ಲಿ ಒಂದೇ ಒಂದು ಕಟ್ಟಳೆ. ಎಲೆ ಮುಂದೆ ಕೂತವನನ್ನು ಯಾರೂ ಎಬ್ಬಿಸುವ ಹಾಗಿಲ್ಲ. ಕೆಟ್ಟ ಸುದ್ದಿ ತಂದವನು ಉಣ್ಣುವವನು ಕೈ ತೊಳೆಯುವ ತನಕ ಬಾಯಿ ಬಿಡುವ ಹಾಗಿಲ್ಲ. ಇದು ಎಲ್ಲರ ಮನೆಯಲ್ಲೂ ಇರುವ ಮಾತೇ, ಆದರೆ ಅವಳಷ್ಟು ಕಟ್ಟುನಿಟ್ಟಾಗಿ ನಡೆಸಿದವರನ್ನು ನಾನು ಕಾಣೆ. ಒಮ್ಮೆ ಪೊಲೀಸಿನವನೊಬ್ಬ ಶ್ರೀಗಂಧದ ಕಳ್ಳನನ್ನು ಹುಡುಕಿಕೊಂಡು ಬಂದ. ಕಳ್ಳ ಜಗಲಿಯಲ್ಲೇ ಕೂತು ಸಾರನ್ನ ಕಲಸುತ್ತಿದ್ದ. ಗಂಗಮ್ಮ ಸೌಟು ಹಿಡಿದುಕೊಂಡು ಮಧ್ಯೆ ನಿಂತಳು.

"ಉಂಡಾದ್ಮೇಲೆ ಕರ್ಕೊಂಡು ಹೋಗಪ್ಪ. ನಿಮ್ ಜೈಲಲ್ಲಿ ಹಿಂಗೆ ಸಾರು ಹಾಕ್ತೀರೇನು? ನೀನೂ ಕೂತ್ಕೋ, ಮುಖ ನೋಡಿದ್ರೆ ಬೆಳಗ್ಗಿಂದ ಏನೂ ತಿಂದಿಲ್ಲ."

ಪೊಲೀಸಿನವನು ಟೋಪಿ ತೆಗೆದು ಕಳ್ಳನ ಪಕ್ಕದಲ್ಲೇ ಕೂತು ಉಂಡ. ಈ ಕಥೆ ಹೇಳಿ ಹೇಳಿ ನಾವು ಗಾಡಿಯವರು ಎಷ್ಟು ನಕ್ಕಿದ್ದೇವೋ. ಆ ಕಟ್ಟಳೆ ಒಂದು ದಿನ ನನ್ನ ಎಲೆಯ ಹತ್ತಿರವೂ ಬಂದು ನಿಲ್ಲುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅದು ಕಾಫಿ ಹೂವಿನ ಮಳೆ ಬಿದ್ದ ಸಮಯ. ಹುಣಸೂರಿಗೆ ಮೂಟೆ ಇಳಿಸಲು ಹೊರಟಾಗ ನನ್ನ ಹೆಂಡತಿ ಕಮಲಳಿಗೆ ಮೈ ಬಿಸಿಯಿತ್ತು. ಆ ತಿಂಗಳುಗಳಲ್ಲಿ ನಮ್ಮ ಕಡೆ ಚಳಿಜ್ವರ ಬರದ ಮನೆಯೇ ಇಲ್ಲ. "ನೀವು ಹೋಗಿ ಬನ್ನಿ, ನಂಗೆಂತ ಆಗ್ತದೆ" ಅಂದಳು. ನನ್ನ ಅಮ್ಮ ಕಷಾಯ ಕಾಸುತ್ತಿದ್ದಳು. ನಾನು ಹೋದೆ. ಬರುವಾಗ ಹುಣಸೂರಿನಲ್ಲಿ ಅವಳಿಗೆಂದು ಒಂದು ಪೊಟ್ಟಣ ರಸ್ಕು ಕಟ್ಟಿಸಿಕೊಂಡೆ. ಜ್ವರ ಬಿಟ್ಟ ಬಾಯಿಗೆ ಕಾಫಿಯಲ್ಲಿ ಅದ್ದಿದ ರಸ್ಕು ಅಂದರೆ ಅವಳಿಗೆ ಪ್ರಾಣ.

ಫ್ರೇಜರ್‌ಪೇಟೆಯಲ್ಲಿ ರಾತ್ರಿ ತಂಗಿ, ನಸುಕಿನಲ್ಲೇ ಗಾಡಿ ಕಟ್ಟಿ, ಏರುದಾರಿ ಹತ್ತಿ ಸುಂಟಿಕೊಪ್ಪ ಮುಟ್ಟುವಾಗ ಮಧ್ಯಾಹ್ನ. ಅಲ್ಲಿಂದ ಮಾದಾಪುರದ ಕಡೆ ತಿರುಗಿದರೆ ನನ್ನ ಮನೆ, ಕಾಲು ಬೀಸಿ ನಡೆದರೆ ಒಂದು ಗಂಟೆ. ಎತ್ತುಗಳು ಬಾಯಲ್ಲಿ ನೊರೆ ಬಿಡುತ್ತಿದ್ದವು, ನೀರು ಕುಡಿಸದೆ ಮುಂದೆ ಹೊಡೆಯುವ ಹಾಗಿರಲಿಲ್ಲ. ಅವು ಕುಡಿಯುವಷ್ಟರಲ್ಲಿ ಎರಡು ತುತ್ತು ಹಾಕಿಕೊಂಡು ಹೊರಡೋಣ ಅಂತ ಜಗಲಿ ಹತ್ತಿದೆ.

"ಅಕ್ಕ, ಬೇಗ ಬೇಗ. ಮನೇಲಿ ಹುಷಾರಿಲ್ಲ."

"ನಿಂದು ಯಾವತ್ತು ನಿಧಾನ ಆಗಿತ್ತೋ ಹೊಟ್ಟೆಬಾಕ?" ಅನ್ನುತ್ತಾ ಅನ್ನ ಬಡಿಸಿದಳು. ನಾನು ರಸ್ತೆಗೆ ಬೆನ್ನು ಹಾಕಿ ಕೂತಿದ್ದೆ. ಸಾರು ಹಾಕಲು ಬಗ್ಗಿದವಳು ಅಂಗಳದ ಕಡೆ ನೋಡಿ ಹಾಗೇ ನಿಂತಳು. ಎಡಗೈ ಎತ್ತಿ, ತಡಿ ಅನ್ನುವ ಹಾಗೆ ಯಾರಿಗೋ ಸನ್ನೆ ಮಾಡಿದಳು. ಬೆಕ್ಕೋ ನಾಯಿಯೋ ಇರಬೇಕು ಅಂತ ನಾನು ತಿರುಗಿಯೂ ನೋಡಲಿಲ್ಲ.

ಆಮೇಲೆ ಊಟದ ರೀತಿಯೇ ಬೇರೆಯಾಯಿತು. ಎಲೆಯಲ್ಲಿ ಅನ್ನ ಮುಗಿಯುವ ಮೊದಲೇ ಇನ್ನೊಂದು ಸಲ ಅನ್ನ. ತನಗಾಗಿ ಎತ್ತಿಟ್ಟಿದ್ದ ಕೋಳಿ ಸಾರನ್ನು ಮಡಕೆ ಸಮೇತ ತಂದು ಬಗ್ಗಿಸಿದಳು.

"ಸಾಕು ಅಕ್ಕ, ಹೊರಡ್ಬೇಕು."

"ಉಣ್ಣು. ಮೈಯಲ್ಲಿ ಕಸುವಿರ್ಬೇಕು. ಹೋಗೋದು ಇದ್ದೇ ಇದೆ."

"ಏನಿವತ್ತು, ಅಳಿಯನ ಉಪಚಾರ?"

"ಹೂಂ ಕಣಪ್ಪ, ಅಂಗೇ ಅನ್ಕೋ."

ಅವಳ ಕಣ್ಣು ಕೆಂಪಾಗಿತ್ತು. ಹಸಿ ಸೌದೆಯ ಹೊಗೆ ಅಂದಳು, ನಾನು ನಂಬಿದೆ. ಬೈಯುವ ಬಾಯಿ ಮುದ್ದು ಮಾಡಿದರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ? ಕೋಳಿ ಸಾರು ಚೆನ್ನಾಗಿತ್ತು, ಆ ಮಾತನ್ನು ಹೇಳಲು ಈಗ ನಾಲಗೆ ಬರುವುದಿಲ್ಲ. ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಮೂಳೆ ಚೀಪಿದೆ. ಮಜ್ಜಿಗೆ ಆಯಿತು, ಬಾಳೆಹಣ್ಣಾಯಿತು, ಬೆಲ್ಲದ ಕಾಫಿ ಆಯಿತು. ಎತ್ತುಗಳು ನೀರು ಕುಡಿದು, ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

ನಾನು ಎಲೆ ಮಡಚಿದ್ದೇ ತಡ, ಗಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಕೈ ತೊಳೆಯಲು ಅಂಗಳಕ್ಕೆ ಇಳಿದರೆ ಹಲಸಿನ ಮರದ ಬುಡದಲ್ಲಿ ಜವರ ನಿಂತಿದ್ದಾನೆ. ನಮ್ಮ ಗದ್ದೆಯ ಆಳು ಜವರ. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಂಡುತ್ತಿದ್ದಾನೆ, ಮೈಯೆಲ್ಲ ಬೆವರು.

"ಅಯ್ಯ, ಬೇಗ ಬರ್ಬೇಕಂತೆ. ಕಮಲಮ್ಮೋರಿಗೆ ಜ್ವರ ತಲೆಗೇರೈತೆ."

ನನ್ನ ಕೈಯಿಂದ ತಂಬಿಗೆ ಬಿತ್ತು. "ಜೀವ ಉಂಟೇನೋ?"

"ಐತೆ ಅಯ್ಯ! ನಾನು ಹೊರಡೋವಾಗ ಮಾತಾಡ್ತಿದ್ರು. ನಿಮ್ಮನ್ನೇ ಕೇಳ್ತಿದ್ರು. ಓಡಿ ಹೋಗಿ ಕರ್ಕೊಂಡು ಬಾ ಅಂದ್ರು ನಿಮ್ಮ ಅಮ್ಮೋರು."

"ಯಾವಾಗ ಬಂದೆ ನೀನು?"

ಜವರ ಜಗಲಿ ಕಡೆ ನೋಡಿದ. "ನೀವು ಆಗಷ್ಟೆ ಕೂತಿದ್ರಿ. ಗಂಗಮ್ಮೋರು ತಡಿ ಅಂತ ಕೈ ತೋರ್ಸಿದ್ರು. ಉಣ್ಣೋರನ್ನ ಎಬ್ಬಿಸ್ಬಾರದಲ್ವಾ ಅಯ್ಯ... ಈಗ ಏಳ್ತೀರಿ, ಈಗ ಏಳ್ತೀರಿ ಅಂತ..."

ಅಯ್ಯೋ ಜವರ! ಅವನು ಆ ಜಗಲಿ ಹತ್ತುವ ಹಾಗಿರಲಿಲ್ಲ. ಅವನ ಜನಕ್ಕೆ ಗಂಗಮ್ಮ ಹಿತ್ತಲಲ್ಲಿ ಬಡಿಸುತ್ತಿದ್ದಳು, ಎಲೆ ಅವರೇ ತರಬೇಕು. ಹೊರಗೆ ನಿಂತು ಒಳಗೆ ಉಣ್ಣುವವರ ಕಡೆ ಕೂಗುವುದಂತೂ ಹುಟ್ಟಿದಾಗಿನಿಂದ ಅವನಿಗೆ ಕಲಿಸದ ಕೆಲಸ. ಹತ್ತಿರ ಬಂದು ನನ್ನ ಕಿವಿಯಲ್ಲಿ ಒಂದು ಮಾತು ಹೇಳುವ ಹಾಗಿದ್ದಿದ್ದರೆ! ಜಗಲಿ ಹತ್ತಬಾರದು ಅನ್ನುವ ಕಟ್ಟಳೆ ಗಂಗಮ್ಮ ಮಾಡಿದ್ದಲ್ಲ, ನಾವೆಲ್ಲ ಮಾಡಿದ್ದು. ಅವನು ಓಡಿ ಬಂದ ರೀತಿ ನೋಡಿ, ವಸ್ತ್ರ ತೆಗೆದು ನಿಂತದ್ದು ನೋಡಿ, ಕಮಲ ಸತ್ತೇ ಹೋದಳು ಅಂತ ಗಂಗಮ್ಮ ತಿಳಿದಳು. ಸಾವಿನ ಮನೆಗೆ ಹೋಗುವವನ ಗಂಟಲಲ್ಲಿ ಎರಡು ದಿನ ನೀರೂ ಇಳಿಯುವುದಿಲ್ಲ, ಪಾಪ ಹೊಟ್ಟೆ ತುಂಬ ಉಂಡು ಹೋಗಲಿ ಅಂತ ಬಡಿಸಿದಳು.

ಗಾಡಿ, ಎತ್ತು ಎಲ್ಲ ಜವರನಿಗೆ ಬಿಟ್ಟು ನಾನು ಓಡಿದೆ. ತುಂಬಿದ ಹೊಟ್ಟೆಯಲ್ಲಿ ಓಡಲು ಆಗುವುದಿಲ್ಲ. ಎರಡು ಕಡೆ ಪಕ್ಕೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತೆ. ನನ್ನ ಹೊಟ್ಟೆಗೆ ನಾನೇ ಗುದ್ದಿಕೊಂಡು ಮತ್ತೆ ಎದ್ದು ಓಡಿದೆ.

ಮನೆಯ ಮುಂದೆ ಜನ ನಿಂತಿದ್ದರು. ಅಮ್ಮ ಕಮಲಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಲ್ಲಿದ್ದೆ ಮಗ? ಈಗ... ಈಗಷ್ಟೆ ಹೋಯ್ತು ಅದು. ಅಷ್ಟು ಹೊತ್ತು ಬಾಗ್ಲು ನೋಡ್ತಾ ಇತ್ತು. ನಿನ್ನ ಕೈಯಿಂದ ನೀರು ಬೇಕು ಅಂತ, ನಾ ಕೊಟ್ಟರೆ ಬಾಯಿ ಮುಚ್ಕೊಂಡ್ತು."

ನಾನು ತಂಬಿಗೆಯಿಂದ ಬೊಗಸೆಗೆ ನೀರು ತೆಗೆದುಕೊಂಡು ಅವಳ ತುಟಿಗೆ ಹಿಡಿದೆ. ನೀರು ಕೆನ್ನೆಯ ಮೇಲೆ ಇಳಿದು ಅಮ್ಮನ ಸೀರೆಗೆ ಹೋಯಿತು. ಮುಖ ಇನ್ನೂ ಬಿಸಿಯಿತ್ತು. ನನ್ನ ಬಲಗೈಯಲ್ಲಿ ಕೋಳಿ ಸಾರಿನ ವಾಸನೆ ಇತ್ತು. ತೊಳೆಯಲು ಹೋದ ಕೈಯನ್ನು ನಾನು ತೊಳೆದೇ ಇರಲಿಲ್ಲ.

"ಕೊನೇಗೆ ಎಂತ ಹೇಳ್ತು ಗೊತ್ತುಂಟಾ?" ಅಂದಳು ಅಮ್ಮ. "ಅವರಿಗೆ ಅನ್ನ ಎತ್ತಿಡಿ ಅತ್ತೆ, ಹಸ್ಕೊಂಡು ಬರ್ತಾರೆ ಅಂತ."

ಅಡುಗೆಮನೆಯಲ್ಲಿ ನನ್ನ ಅನ್ನಕ್ಕೆ ಬಟ್ಟಲು ಮುಚ್ಚಿ ಇಟ್ಟಿದ್ದರು. ಸಾವಾದ ಮನೆಯಲ್ಲಿ ಅದನ್ನು ಯಾರೂ ಉಣ್ಣುವ ಹಾಗಿಲ್ಲ. ಸಂಜೆ ಯಾರೋ ಅದನ್ನು ತೆಗೆದುಕೊಂಡು ಹೋಗಿ ಬಾಳೆಬುಡಕ್ಕೆ ಚೆಲ್ಲಿದರು.

ತಿಥಿ ಮುಗಿಯುವ ತನಕ ಒಳಗೆ ಒಂದೇ ಸಮ ಬೆಂಕಿ. ಇವಳ್ಯಾರು ಕೈ ಎತ್ತಿ ತಡೆಯೋದಕ್ಕೆ? ಏನು ಸುದ್ದಿ ಅಂತ ಒಂದು ಮಾತು ಕೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಹೇಳಿಯೇ ಬಿಡುತ್ತೇನೆ, ನಿನ್ನ ಒಂದು ಸೌಟು ಕೋಳಿ ಸಾರಿಗೆ ನನ್ನ ಹೆಂಡತಿಯ ಕೊನೆಯ ಗುಟುಕು ಹೋಯಿತು ಅಂತ. ತಿಥಿಯ ಮಾರನೆಯ ದಿನ ಹೊರಟೆ. ಜವರ ಬೇಡ ಬೇಡ ಅನ್ನುತ್ತಾ ಹಿಂದೆಯೇ ಬಂದ.

ನಾವು ಮುಟ್ಟಿದಾಗ ಊಟದ ಹೊತ್ತು ಮೀರಿತ್ತು, ಜಗಲಿ ಖಾಲಿ. ನಾನು ಮೆಟ್ಟಿಲು ಹತ್ತಿ ಬಾಯಿ ತೆರೆದೆ. ನೋಡಿದರೆ ಗಂಗಮ್ಮ ಎಲೆ ಮುಂದೆ ಕೂತಿದ್ದಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಣ್ಣಲು ಕೂತು, ಆಗಷ್ಟೆ ಮೊದಲ ತುತ್ತು ಎತ್ತಿದ್ದಳು.

ತೆರೆದ ಬಾಯಿ ಹಾಗೇ ಮುಚ್ಚಿತು. ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬಂತು ಅಂತ ಏನು ಹೇಳಲಿ! ಆದರೂ ಆಗಲಿಲ್ಲ. ಕಂಬಕ್ಕೆ ಒರಗಿ ಕೂತೆ. ಉಂಡು ಮುಗಿಸಲಿ, ಆಮೇಲೆ ಇದೆ.

"ಬಂದ್ಯಾ ಮಗ" ಅಂದಳು. ಹೊಟ್ಟೆಬಾಕ ಅನ್ನಲಿಲ್ಲ. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ಅವತ್ತು ಜವರನ ಕಂಡಾಗ್ಲೇ ನನ್ನ ಎದೆ ಒಡೆದೋಯ್ತು. ಅಂಗೂ ನಾನು ಬಾಯಿ ಬಿಡ್ಲಿಲ್ಲ. ನಿಂಗೆ ಸಿಟ್ಟು ಬಂದಿರ್ಬೇಕು, ಅಲ್ವಾ?"

ಅವಳು ಅನ್ನ ಕಲಸುತ್ತಾ ಕೂತಳು, ತುತ್ತು ಎತ್ತಲಿಲ್ಲ.

"ನಮ್ಮನೆಯವ್ರ ಮೇಲೆ ತೋಟದಲ್ಲಿ ಮರ ಬಿದ್ದ ದಿನ ನಾನು ಹಿಂಗೇ ಉಣ್ತಾ ಕೂತಿದ್ದೆ. ಎರಡು ತುತ್ತು ಉಂಡಿದ್ನೋ ಇಲ್ವೋ, ಅರ್ಧ ಎಲೆಯಿಂದ ರಟ್ಟೆ ಹಿಡಿದು ಎಳ್ಕೊಂಡು ಹೋದ್ರು. ಹೋಗಿ ಏನು ಮಾಡಿದೆ? ಅವ್ರು ಆಗ್ಲೇ ಹೋಗಿದ್ರು. ಆಮೇಲೆ ನಾಲ್ಕು ದಿನ ನಂಗೆ ಯಾರೂ ಉಣ್ಣು ಅನ್ನಲಿಲ್ಲ, ನಂಗೂ ಬೇಕನ್ನಿಸಲಿಲ್ಲ. ಕಂಕುಳಲ್ಲಿ ಕೂಸಿತ್ತು. ಎದೆಹಾಲು ಬತ್ತೋಯ್ತು. ಹಸಿದ ಕೂಸು ಅದು, ಅದೂ ಉಳೀಲಿಲ್ಲ."

ಅಂಗಳದಲ್ಲಿ ಜವರ ನೆಲ ನೋಡುತ್ತಾ ನಿಂತಿದ್ದ.

"ಅವತ್ತೇ ಅಂದ್ಕೊಂಡೆ, ನನ್ನ ಕಣ್ಣೆದುರು ಇನ್ಯಾರೂ ಅರ್ಧ ಎಲೆಯಿಂದ ಏಳಬಾರದು ಅಂತ. ಹೋದೋರು ಕಾಯ್ತಾರೆ, ಇರೋರ ಹೊಟ್ಟೆ ಕಾಯಲ್ಲ. ಈಗಲೂ ರಾತ್ರಿ ನಿದ್ದೆ ಬರ್ದಿದ್ರೆ ಅದೊಂದನ್ನೇ ನೆನೆಸ್ಕೊಳ್ತೀನಿ. ನೀನಾದ್ರೂ ಹೊಟ್ಟೆ ತುಂಬಾ ಉಂಡು ಹೋದ್ಯಲ್ಲ. ಅಷ್ಟು ಸಾಕು ನಂಗೆ."

ಆಗ ಅವಳು ತುತ್ತೆತ್ತಿದಳು. ನಾನು ಅವಳ ಬಾಯಿ ನೋಡುತ್ತಾ ಕೂತೆ. ಒಂದೊಂದು ತುತ್ತು ಒಳಗೆ ಹೋದ ಹಾಗೆಲ್ಲ ನಾನು ತಂದ ಮಾತು ನನ್ನ ಗಂಟಲಲ್ಲಿ ಕೆಳಗೆ ಕೆಳಗೆ ಇಳಿಯಿತು. ಜವರ ಬಂದಾಗ ಇನ್ನೂ ಜೀವವಿತ್ತು ಅಂತ ಇವಳಿಗೆ ಹೇಳಿದರೆ ಕಮಲ ಎದ್ದು ಬರುತ್ತಾಳೆಯೇ? ಇಲ್ಲ. ಈ ಹೆಂಗಸು ಮಾತ್ರ ಇನ್ನೆಂದೂ ಹೀಗೆ ಎಲೆ ಮುಂದೆ ನೆಮ್ಮದಿಯಾಗಿ ಕೂರುವುದಿಲ್ಲ.

ಗಂಗಮ್ಮ ಎಲೆ ಮಡಚಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನನ್ನ ಮುಂದೆ ಬಂದು ನಿಂತಳು.

"ಏನೋ ಹೇಳಕ್ಕೆ ಬಂದವನ ಹಂಗೆ ಮೆಟ್ಲು ಹತ್ತಿದ್ದೆ. ನಂದು ಉಂಡಾಯ್ತು. ಈಗ ಹೇಳಪ್ಪ."

ನಾನು ಜವರನ ಕಡೆ ನೋಡಿದೆ.

"ಎಂತ ಇಲ್ಲ ಅಕ್ಕ" ಅಂದೆ. "ಹಸಿವು. ಏನಾದ್ರೂ ಉಳಿದುಂಟಾ?"

"ಅಯ್ಯೋ, ಇಲ್ದೇ ಏನು!" ಅಂತ ಒಳಗೆ ಓಡಿದಳು.

ಕೂರುವಷ್ಟರಲ್ಲಿ ಎಲೆಗೆ ಅನ್ನ ಬಿತ್ತು.