ಸರಹದ್ದಿನ ಮೇಲೆ ಕುರುವಿಳ ಸಾರ್

ನಾಲ್ವರು ಸೋದರಳಿಯರು ಶವಪೆಟ್ಟಿಗೆಯನ್ನು ಆಂಬುಲೆನ್ಸಿನಿಂದ ಅರ್ಧ ಎಳೆದಿದ್ದರು. ಅಷ್ಟರಲ್ಲಿ "ಮುಟ್ಬೇಡಿ!" ಎಂಬ ಕೂಗು ಎರಡು ದಿಕ್ಕಿನಿಂದ ಒಟ್ಟಿಗೇ ಬಂತು.

ಪುತ್ತನಂಗಡಿಯ ಗಲ್ಲಿ ಅಲ್ಲಿಂದ ಮುಂದೆ ಇಕ್ಕಟ್ಟು. ಆಂಬುಲೆನ್ಸ್ ಮೋರಿಯ ಮೇಲೆಯೇ ನಿಂತುಬಿಟ್ಟಿತ್ತು. ಮುಂದಿನ ಚಕ್ರ ಆಚೆ, ಹಿಂದಿನ ಬಾಗಿಲು ಈಚೆ. ಮೋರಿಯೆಂದರೆ ಸರಹದ್ದು. ಈಚೆ ಗಾಡಿಯಿಂದ ಏನೇ ಇಳಿಯಲಿ, ಅದು ನೀಲಿ ಅಂಗಿಯ ಹಮಾಲರ ಹಕ್ಕು. ಆಚೆ ಕಂದು ಅಂಗಿಯವರದು. ಅಕ್ಕಿಮೂಟೆಯಾಗಲಿ, ಬೀರುವಾಗಲಿ, ಮದುಮಗಳ ಮಂಚವಾಗಲಿ, ಮಾಲೀಕನೂ ಕೈ ಹಚ್ಚುವಂತಿಲ್ಲ. ನಲವತ್ತು ವರ್ಷದ ಹಿಂದೆ ಸೀಮೆಸುಣ್ಣ ಹಿಡಿದು ಆ ಗೆರೆ ಎಳೆದವರು ಈಗ ಪೆಟ್ಟಿಗೆಯೊಳಗೆ ಮಲಗಿದ್ದ ಕುರುವಿಳ ಸಾರ್. ಲೇಬರ್ ಆಫೀಸರಾಗಿ ನಿವೃತ್ತರಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಮೊನ್ನೆ ಮಧ್ಯಾಹ್ನ ಮೀನುಸಾರಿನಲ್ಲಿ ಎರಡನೇ ಸಲ ಅನ್ನ ಕಲಸಿ ಉಂಡು, ತಾವೇ ಹೇಳಿದ ಹಳೆಯ ಜೋಕಿಗೆ ತಾವೇ ನಕ್ಕು, ಹಾಗೇ ಒರಗಿದವರು ಏಳಲಿಲ್ಲ.

"ಎಷ್ಟು ಕೊಡ್ಬೇಕು, ಹೇಳಿಬಿಡಿ," ಎಂದ ತಿರುವನಂತಪುರದ ಸೋದರಳಿಯ.

ನೀಲಿ ಅಂಗಿಗಳ ಮುಖಂಡ ಪುಷ್ಕರನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ದುಡ್ಡಾ? ನಮ್ ಸಾರ್‌ನ ಇಳಿಸೋಕೆ ದುಡ್ಡಾ? ತಮ್ಮಾ, ನಿನ್ನ ಮಾವ ಅಂತ ಸುಮ್ಮನಿದೀನಿ. ಬಾಗಿಲು ತೆರೆದಿರೋದು ನಮ್ಮ ಕಡೆ. ನಾವೇ ಇಳಿಸ್ತೀವಿ."

"ಮನೆ ಇರೋದು ನಮ್ಮ ಕಡೆ," ಎಂದ ಕಂದು ಅಂಗಿಗಳ ಮೈದೀನ್, ಮುಂಡು ಎತ್ತಿ ಕಟ್ಟುತ್ತ. "ನೀನು ಮುಟ್ಟು, ನೋಡೋಣ."

ಸೋದರಳಿಯರು ಕೈ ಬಿಟ್ಟರು. ಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ ಉಳಿಯಿತು.

ಸರ್ಕಾರದ ಹೆಸರಿನ ಹೂವಿನ ಚಕ್ರ ಹಿಡಿದು ಶ್ರೀಕಲಾ ಗುಂಪಿನ ಹಿಂದೆ ನಿಂತಿದ್ದಳು. ಸಾರ್ ಕೂತಿದ್ದ ಕುರ್ಚಿಯಲ್ಲಿ ಈಗ ಕೂರುವವಳು ಅವಳೇ. ಬಂದು ಮೂರು ತಿಂಗಳಾದರೂ ಅವಳ ಮೇಜಿಗೆ ಒಂದು ಜಗಳವೂ ಬಂದಿರಲಿಲ್ಲ. ಎರಡೂ ಕಡೆಯವರು ಸಾರ್ ಮನೆಯ ಜಗುಲಿಯಲ್ಲಿ ಎಲ್ಲ ಮುಗಿಸಿ, ಆಫೀಸಿಗೆ ಬರುತ್ತಿದ್ದದ್ದು ಮೊಹರಿಗೆ ಮಾತ್ರ. ಇನ್ನು ಆ ಜಗುಲಿ ಇಲ್ಲ. ಇವತ್ತು ಇವರು ತನ್ನ ಮಾತು ಕೇಳದಿದ್ದರೆ ಎಂದೂ ಕೇಳುವುದಿಲ್ಲ; ನಾಳೆಯಿಂದ ಮಾರ್ಕೆಟ್ಟಿನಲ್ಲಿ ಮಾತಾಡುವುದು ಮೂಟೆ ಎಳೆಯುವ ಕೊಕ್ಕೆಗಳು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಆ ಜಗುಲಿಗೆ ಅವಳು ಹೋಗಿದ್ದು ಒಂದೇ ಸಲ, ಜಗಳ ಆಡುವುದಕ್ಕೇ.

"ಸಾರ್, ನೀವು ನನ್ನ ಕೆಲಸ ಮಾಡ್ತಿದ್ದೀರಿ."

"ಹೌದಮ್ಮ," ಎಂದಿದ್ದರು ಕುರುವಿಳ, ನಾಚಿಕೆಯೇ ಇಲ್ಲದೆ. "ಸಂಬಳ ನೀನು ತಗೊಳ್ತೀಯ, ಚಹಾ ಖರ್ಚು ನನ್ನದು. ಏನು ಓದಿದ್ದೀಯ?"

ಮಾನವ ಸಂಪನ್ಮೂಲ ನಿರ್ವಹಣೆ, ಎಂದಳು. ಮನುಷ್ಯನ ಅಗತ್ಯಗಳ ಗೋಪುರ, ಸಂಘರ್ಷ ಪರಿಹಾರದ ಐದು ವಿಧಾನ, ಎಲ್ಲ ಬಾಯಿಪಾಠ ಒಪ್ಪಿಸಿದಳು. ಅವರು ತಲೆದೂಗುತ್ತ ಕೇಳಿದರು.

"ಚೆನ್ನಾಗಿದೆ. ಆ ಗೋಪುರದಲ್ಲಿ ಚಹಾ ಎಷ್ಟನೇ ಮಹಡಿ?"

ಒಳಗಿನಿಂದ ಹೆಂಡತಿ ಏಲಿಕುಟ್ಟಿ ಕೂಗಿದರು: "ಆ ಹುಡುಗೀನ ಗೋಳು ಹುಯ್ಕೋಬೇಡಿ!"

ಜಗುಲಿಯಲ್ಲಿ ಇದ್ದದ್ದು ಒಂದೇ ಬೆಂಚು. ಎದುರಾಳಿಗಳು ಪಕ್ಕಪಕ್ಕದಲ್ಲೇ ಕೂರಬೇಕು. "ಎದುರುಬದುರು ಕೂತರೆ ಕೋಪ ಬರುತ್ತೆ, ಒತ್ತಿಕೊಂಡು ಕೂತರೆ ಸೆಕೆ ಆಗುತ್ತೆ. ಸೆಕೆ ಆದವರು ಬೇಗ ಒಪ್ತಾರೆ," ಎಂದರು. ಆಮೇಲೆ ಒಬ್ಬನ ದೂರನ್ನು ಇನ್ನೊಬ್ಬನ ಬಾಯಲ್ಲಿ ಹೇಳಿಸುವುದು. 'ಹೌದು, ನಂದು ಇದೇ' ಎಂದು ದೂರಿನವನು ಒಪ್ಪುವ ತನಕ ಚಹಾ ಇಲ್ಲ.

"ಅಷ್ಟೇನಾ ಸಾರ್?"

"ಅಷ್ಟೇ. ಅದೂ ಕೆಲವು ಸಲ ಕೆಡುತ್ತೆ. ಕೆಟ್ಟಾಗ ಏನು ಮಾಡ್ಬೇಕು ಅಂತ ಯಾರೂ ಬರೆದಿಲ್ಲ."

*

ಶ್ರೀಕಲಾ ಹೂವಿನ ಚಕ್ರವನ್ನು ತಿರುವನಂತಪುರದವನ ಕೈಗೆ ಕೊಟ್ಟು ಮುಂದೆ ಬಂದಳು.

"ಪುಷ್ಕರನ್ ಚೇಟ್ಟಾ, ಮೈದೀನ್ ಇಕ್ಕನ ವಾದ ಏನು, ನೀವು ಹೇಳಿ. ಇಕ್ಕಾ, ಅವರದ್ದು ನೀವು."

ಇಬ್ಬರೂ ಅವಳನ್ನು ಈಗ ತಾನೇ ಕಂಡವರಂತೆ ನೋಡಿದರು. ಆಟ ಮಾತ್ರ ಹಳೆಯದು, ಮೂವತ್ತು ವರ್ಷ ಪಳಗಿದ್ದು. ಪುಷ್ಕರನ್ ಗಂಟಲು ಸರಿಮಾಡಿಕೊಂಡ.

"ಸರಕು ಇಳಿಯೋ ಜಾಗದ್ದಲ್ಲ, ಸೇರೋ ಜಾಗದ್ದು ಅಂತಾರೆ ಇಕ್ಕ. ಅದೂ ಅಲ್ದೆ, ತೊಂಬತ್ತೊಂದರಲ್ಲಿ ಇಕ್ಕನ ಬೆನ್ನು ಉಳುಕಿತ್ತು. ಎಲ್ರೂ ತೆಗೆದುಹಾಕಿ ಅಂದ್ರು. ಮೂರು ತಿಂಗಳು ಮೂಟೆ ಎಣಿಸೋ ಕೆಲಸ ಕೊಡಿಸಿ ಉಳಿಸಿದ್ದು ಸಾರ್. ಆ ಬೆನ್ನಿಗೆ ಇವತ್ತು ಹೊರೋ ಹಕ್ಕಿಲ್ವಾ, ಮೇಡಂ?"

ಮೈದೀನ್ ಹೆಗಲ ಟವೆಲ್ಲಿನಿಂದ ಮೂಗು ಒರೆಸಿಕೊಂಡ. "ಇವನದ್ದು ಇನ್ನೂ ಗಟ್ಟಿ. ಅಪ್ಪ ಸತ್ತ ವಾರಕ್ಕೇ ಇವನಿಗೆ ಹಮಾಲಿ ಬ್ಯಾಡ್ಜ್ ಕೊಡಿಸಿದ್ದು ಸಾರ್. ಆಗ ಒಂದು ಮೂಟೆಯಷ್ಟೂ ತೂಕ ಇರ್ಲಿಲ್ಲ ಇವನು. ಬಾಗಿಲು ತೆರೆದಿರೋದೂ ಇವನ ಕಡೆಗೇ. ಇವನೇ ಎತ್ಲಿ."

"ಇಲ್ಲ, ಇಕ್ಕನೇ ಎತ್ಲಿ."

"ಎತ್ತೋ ಅಂದ್ರೆ ಎತ್ತೋ!"

"ನೀವಿರುವಾಗ ನಾನು ಮುಟ್ಟಿದ್ರೆ ಕೇಳಿ!"

ಅಂತೂ ಜಗಳ ಮಗ್ಗಲು ಬದಲಿಸಿ, ಮೊದಲಿನಷ್ಟೇ ಜೋರಾಗಿ ಮುಂದುವರಿಯಿತು. ನೀಲಿಯವರು ಕಂದಿನವರ ಪರ, ಕಂದಿನವರು ನೀಲಿಯವರ ಪರ. ಆಂಬುಲೆನ್ಸ್ ಚಾಲಕ ಕಿಟಕಿಯಿಂದ ತಲೆ ಹೊರಹಾಕಿದ: "ಪೂರ್ತಿ ಒಳಗಾದ್ರೂ ತಳ್ಳಿ, ಪೂರ್ತಿ ಹೊರಗಾದ್ರೂ ಎಳೀರಿ!"

ಆಚೆ, ಸಾರ್ ಮನೆಯ ಜಗುಲಿಯಲ್ಲಿ ಪಾದ್ರಿಗಳು ಕೈಗಡಿಯಾರ ನೋಡಿಕೊಂಡರು. ಏಲಿಕುಟ್ಟಿ ಬಿಳಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದು ಪಾದ್ರಿಗಳ ಕಡೆ ತಿರುಗಿದರು.

"ಅವಸರ ಪಡಬೇಡಿ ಅಚ್ಚೋ. ಇವರು ಹೀಗೇ ಮಾಡ್ತಾರೆ ಅಂತ ಗೊತ್ತಿದ್ದೇ ಪತ್ರಿಕೆಯಲ್ಲಿ ಪ್ರಾರ್ಥನೆಯ ಹೊತ್ತನ್ನ ಎರಡು ಗಂಟೆ ಮುಂಚೆ ಅಂತ ಹಾಕಿಸಿದ್ದೀನಿ."

ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ. ಏಲಿಕುಟ್ಟಿ ಶ್ರೀಕಲಾಳ ಪಕ್ಕ ಬಂದು ನಿಂತರು.

ಕೆಟ್ಟಾಗ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ಆದರೆ ಮೂರು ತಿಂಗಳು ಕೆಲಸವಿಲ್ಲದೆ ಕೂತವಳಿಗೆ ಆಫೀಸಿನ ಕಿಟಕಿ ಒಂದಿತ್ತು. ಅದರ ಕೆಳಗೆ ದಿನವಿಡೀ ಲಾರಿಗಳಿಂದ ಮೂಟೆ ಇಳಿಯುತ್ತಿತ್ತು. ಎಂಥ ಗಟ್ಟಿಗನಾದರೂ ತನ್ನ ತಲೆಗೆ ತಾನೇ ಮೂಟೆ ಏರಿಸಿಕೊಂಡದ್ದನ್ನು ಅವಳು ಕಂಡಿರಲಿಲ್ಲ.

"ಸಾಕು!" ಎಂದಳು. ಧ್ವನಿ ತನ್ನದೇ ಎಂದು ತಿಳಿಯಲು ಅವಳಿಗೇ ಒಂದು ಗಳಿಗೆ ಬೇಕಾಯಿತು. "ಮಾರ್ಕೆಟ್ಟಲ್ಲಿ ಹೊರೋನು ಒಬ್ಬ, ಏರಿಸೋನು ಒಬ್ಬ. ಹೌದೋ ಅಲ್ವೋ?"

"ಅದು ಹೌದು," ಎಂದ ಮೈದೀನ್.

"ಗಾಡಿಯಿಂದ ಎತ್ತಿ ಹೆಗಲಿಗೆ ಏರಿಸೋದು ನೀಲಿ. ಮನೆ ತನಕ ಹೊರೋದು ಕಂದು. ಪ್ರಾರ್ಥನೆ ಮುಗಿದ ಮೇಲೆ ಏರಿಸೋದು ಕಂದು, ಚರ್ಚಿನ ತನಕ ಹೊರೋದು ನೀಲಿ. ಹೊರೋರು ತಾವೇ ಏರಿಸ್ಕೊಳ್ಳೋ ಹಾಗಿಲ್ಲ."

ಎರಡೂ ಕಡೆಯವರು ಅದರಲ್ಲಿ ತಪ್ಪು ಹುಡುಕಿದರು. ಸಿಕ್ಕಂತೆ ಕಾಣಲಿಲ್ಲ.

"ಸಮಾಧಿಗೆ ಇಳಿಸೋದು?" ಎಂದ ಪುಷ್ಕರನ್, ಬಿಡದೆ.

"ನಾಲ್ಕು ಹಗ್ಗ. ಎರಡು ನಿಮಗೆ, ಎರಡು ಅವರಿಗೆ."

"ಹಾಗಾದ್ರೆ ನಾವು?" ಎಂದ ಸೋದರಳಿಯ.

"ನೀನು ಆ ಹೂವು ಹಿಡ್ಕೊಂಡಿರಪ್ಪ," ಎಂದರು ಏಲಿಕುಟ್ಟಿ.

ಮೈದೀನ್ ಗಡ್ಡ ತುರಿಸಿಕೊಂಡ. "ಸರಿ ಮೇಡಂ. ಬರೆದು ಕೊಡಿ."

"ಬರೆದೇ ಕೊಡ್ಬೇಕಾ? ಈಗಲೇನಾ?"

"ಬಾಯಿಮಾತಿಗೆ ನಾವು ಯಾವತ್ತೂ ಎತ್ತಿಲ್ಲ. ಸಾರ್‌ನ ಬೇಕಾದ್ರೆ ಕೇಳಿ," ಎಂದ ಪುಷ್ಕರನ್. ಯಾರ ಕಡೆ ಕೈ ತೋರಿಸಿದೆ ಎಂದು ಆಮೇಲೆ ಹೊಳೆದು ನಾಲಗೆ ಕಚ್ಚಿಕೊಂಡ.

ಶ್ರೀಕಲಾ ಬ್ಯಾಗಿನಿಂದ ಆಫೀಸಿನ ಹಾಳೆ ತೆಗೆದಳು. ಇಟ್ಟು ಬರೆಯಲು ಸುತ್ತ ನೋಡಿದಳು. ಗಲ್ಲಿಯಲ್ಲಿ ಸಪಾಟಾಗಿದ್ದದ್ದು ಒಂದೇ. ಅವಳು ಏಲಿಕುಟ್ಟಿಯ ಮುಖ ನೋಡಿದಳು.

"ಅದರ ಮೇಲೇ ಇಟ್ಕೋ ಮಗಳೇ. ಅವರೂ ಓದ್ಕೊಳ್ಲಿ."

ಹೊರಗೆ ಚಾಚಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಐದು ಸಾಲು ಬರೆದಳು. ಗಾಳಿಗೆ ಹಾರದಂತೆ ಹಾಳೆಯ ಒಂದು ಮೂಲೆಗೆ ಏಲಿಕುಟ್ಟಿ ಅಂಗೈ ಊರಿದರು. ಮೈದೀನ್ ಸಹಿ ಹಾಕಿದ. ಪುಷ್ಕರನ್ ಕನ್ನಡಕ ಮರೆತು ಬಂದಿದ್ದರಿಂದ ಮೈದೀನನ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಸಹಿ ಹಾಕಿದ. ಕೊನೆಗೆ ಶ್ರೀಕಲಾ ಬಾಗಿ ತನ್ನ ಹೆಸರು ಬರೆಯತೊಡಗಿದಳು. ಅರ್ಧ ಬರೆದಿದ್ದಳೋ ಇಲ್ಲವೋ, "ಹೂಂ, ಏಲಸಾ!" ಎಂದ ಪುಷ್ಕರನ್. ಹಾಳೆಯ ಸಮೇತ ಪೆಟ್ಟಿಗೆ ಮೇಲೇರಿತು. ಅದರೊಂದಿಗೆ ಅವಳ ಕೈಯೂ ಏರಿತು. ತುದಿಗಾಲಲ್ಲಿ ನಿಂತು, ಕಂದು ಅಂಗಿಗಳ ಹೆಗಲ ನಡುವೆ ಎರಡು ಹೆಜ್ಜೆ ಓಡುತ್ತಲೇ, ಅವಳು ಹೆಸರಿನ ಉಳಿದರ್ಧ ಬರೆದಳು.